ಮನೆಯಲ್ಲಿ ಬೇರೆ ಯಾರೂ ಇಲ್ಲ

ಹನ್ನೆರಡಕ್ಕೆ ಹೊರಡುತ್ತೇನೆಂದು ಬೆಳಿಗ್ಗೆಯೇ ಹೇಳಿಟ್ಟಿದ್ದವನು ಹನ್ನೆರಡೂವರೆಯಾದರೂ ಕೈಯಲ್ಲಿದ್ದ ಮೇಲ್ದವಡೆಯನ್ನು ಕೆಳಗಿಟ್ಟಿರಲಿಲ್ಲ. ಅದು ಯಾರೋ ನಿವೃತ್ತ ಹೆಡ್ಮಾಸ್ತರರದು ಎಂದು ಚೀಟಿಯಲ್ಲಿ ಬರೆದಿತ್ತು. ಹದಿನಾಲ್ಕು ಹಲ್ಲು, ಗುಲಾಬಿ ಬಣ್ಣದ ಒಸಡು, ನಡುವೆ ಅಂಗುಳಿನ ಸಣ್ಣ ಸಣ್ಣ ಗೆರೆಗಳು. ಉಜ್ಜುವ ಚಕ್ರಕ್ಕೆ ಹಿಡಿದು ತಿರುಗಿಸುತ್ತಾ ಅದು ಹೊಳಪಿಗೆ ಬರುವುದನ್ನು ನೋಡುತ್ತಿದ್ದ. ಹೊಳಪು ಬಂದು ಆಗಲೇ ಕಾಲು ಗಂಟೆಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸ ಇದೇ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅವನು ಅದಕ್ಕೆ ಹಲ್ಲು ಕೂಡಿಸಿ ಕಳಿಸುತ್ತಾನೆ. ಬಾಯಿಯ ಒಡೆಯರ ಮುಖ ಅವನಿಗೆ ಯಾವತ್ತೂ ಕಾಣುವುದಿಲ್ಲ. ನಗುವವರು ಯಾರೋ, ಹಲ್ಲು ಮಾತ್ರ ನಂದು, ಎಂದು ಹಿಂದೊಮ್ಮೆ ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಹಲ್ಲು ನಿಂದು, ಕಡಲೆ ಅವರದು, ಎಂದಿದ್ದಳು ಅಕ್ಕ. ಅಕ್ಕನ ಬಾಯಲ್ಲೂ ಅವನ ಕೈಯ ಮೂರು ಹಲ್ಲುಗಳಿದ್ದವು, ಮೇಲೆ ಎಡಗಡೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊದಿಕೆ ಸರಿಸಿ, ಇವರೇ ತಾನೇ, ಎಂದು ಕೇಳಿದಾಗ ಬಾಯಿ ಒಂದಿಷ್ಟು ತೆರೆದಿತ್ತು. ಅವನ ಕಣ್ಣು ಮೊದಲು ಹೋದದ್ದು ಆ ಮೂರು ಹಲ್ಲಿನ ಕಡೆಗೆ. ಬಣ್ಣ ಒಂದು ಮೆಟ್ಟಿಲು ಹಳದಿಯಾಗಿದೆ, ಪಕ್ಕದ್ದಕ್ಕೆ ಹೊಂದಿಲ್ಲ, ಎಂದುಕೊಂಡ. ಹೌದು ಇವರೇ, ಎಂದ. ಆಮೇಲೆ ಅಳು ಬರಬಹುದೆಂದು ಒಂದು ವಾರ ಕಾದ. ಬರಲಿಲ್ಲ. ಬಾರದ ಬಸ್ಸಿಗೆ ಕಾದು ಕಾದು ಕಡೆಗೆ ನಡೆದೇ ಹೋಗುವವನ ಹಾಗೆ ಕೆಲಸಕ್ಕೆ ಹೋದ.

"ನಾಯಿ ತರೋಕೆ ಹೋಗ್ಬೇಕು ಅಂದೋನು ಇನ್ನೂ ಇಲ್ಲೇ ಇದ್ದೀಯಲ್ಲಯ್ಯ," ಎಂದರು ಯಜಮಾನರು, ಗಾಜಿನ ಬಾಗಿಲಿನಿಂದ ತಲೆ ಮಾತ್ರ ಒಳಗಿಟ್ಟು. "ಮುಖ ನೋಡಿದ್ರೆ ನಾಯಿ ತರೋನ ಥರ ಇಲ್ಲ, ನಾಯಿ ಕಚ್ಚಿಸ್ಕೊಂಡೋನ ಥರ ಇದೆ." ಪಕ್ಕದ ಮೇಜಿನಲ್ಲಿ ಮೇಣ ಕರಗಿಸುತ್ತಿದ್ದವಳು ಕಿಸಕ್ಕೆಂದಳು. ಅವನೂ ನಕ್ಕ. ನಗುವಾಗ ಕೆನ್ನೆಯ ಸ್ನಾಯುಗಳು ಎಲ್ಲೆಲ್ಲಿ ಎಳೆಯುತ್ತವೆ ಎಂಬುದು ಅವನಿಗೆ ವೃತ್ತಿಯಿಂದಲೇ ಗೊತ್ತಿತ್ತು. ಅಷ್ಟನ್ನು ಎಳೆದು ಬಿಟ್ಟ. ಕೈ ತೊಳೆದ. ಉಗುರ ಸಂದಿಯ ಗುಲಾಬಿ ಪುಡಿ ಎಷ್ಟು ತೊಳೆದರೂ ಹೋಗುವಂಥದ್ದಲ್ಲ.

ಹುಡುಗಿ ಅವನ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಕ್ಕನ ಮಗಳು, ಈಗ ಹನ್ನೊಂದು ತುಂಬಿದವಳು. ಅಪ್ಪನೆನ್ನುವವನು ಅವಳು ತೊಟ್ಟಿಲಲ್ಲಿದ್ದಾಗಲೇ ಬೇರೆ ಸಂಸಾರ ಹೂಡಿಕೊಂಡು ಕಣ್ಮರೆಯಾಗಿದ್ದ. ಮಾವನಾದ ಅವನಿಗೂ ಹೆಂಡತಿಗೂ ಮಕ್ಕಳಿರಲಿಲ್ಲ. ಹೆಂಡತಿ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಅಂಟಿಸುವ ಕೆಲಸದವಳು, ಸದ್ದು ಮಾಡದೆ ಬದುಕುವುದನ್ನು ಅಲ್ಲೇ ಕಲಿತವಳು. ಇಬ್ಬರ ಸದ್ದಿಲ್ಲದ ಮನೆಗೆ ಹುಡುಗಿ ಇನ್ನಷ್ಟು ಸದ್ದಿಲ್ಲದೆ ಸೇರಿಕೊಂಡಳು. ಫ್ರಿಜ್ಜಿನ ಬಾಗಿಲು ತೆಗೆಯುವ ಮುಂಚೆ ಕೇಳುತ್ತಿದ್ದಳು. ಹಾಸಿಗೆಯನ್ನು ಹೋಟೆಲಿನವರಂತೆ ಮೂಲೆ ಮಡಿಸಿ ಹಾಸುತ್ತಿದ್ದಳು. ಎಷ್ಟು ಒಳ್ಳೆ ಮಗು ಎಂದು ನೆರೆಯವರು ಹೇಳಿದಾಗೆಲ್ಲ ಹೆಂಡತಿಯ ಮುಖ ಸಪ್ಪಗಾಗುತ್ತಿತ್ತು. ಎರಡು ತಿಂಗಳ ಕೆಳಗೆ ಊಟಕ್ಕೆ ಕುಳಿತಾಗ ಹುಡುಗಿ ಎಡಗೈಯಲ್ಲಿ ಚಮಚ ಹಿಡಿದದ್ದನ್ನು ಕಂಡು ಹೆಂಡತಿ ಅವಳ ಅಂಗಿಯ ಬಲತೋಳನ್ನು ಮೇಲೇರಿಸಿ ನೋಡಿದಳು. ಮಣಿಕಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಶಾಲೆಯ ಮೈದಾನದಲ್ಲಿ ಬಿದ್ದದ್ದು, ಎರಡು ದಿನದ ಹಿಂದೆ. ಮೂಳೆ ಬಿರುಕು ಬಿಟ್ಟಿತ್ತು. "ಎರಡು ದಿನ ಹೆಂಗಮ್ಮ ತಡ್ಕೊಂಡೆ?" ಎಂದು ಡಾಕ್ಟರು ಕೇಳಿದರೆ, "ತೊಂದ್ರೆ ಆಗ್ಬಾರ್ದು ಅಂತ," ಎಂದಳು ಹುಡುಗಿ, ಚೆನ್ನಾಗಿ ಓದಿಕೊಂಡು ಬಂದ ಉತ್ತರದ ಹಾಗೆ. ಡಾಕ್ಟರು ತಲೆಯೆತ್ತಿ ಮೊದಲು ಅವನನ್ನು, ಆಮೇಲೆ ಹೆಂಡತಿಯನ್ನು ನೋಡಿದರು. ಪಟ್ಟಿ ಸುತ್ತುವವನನ್ನು ಕರೆದರು. ಆ ನೋಟಕ್ಕೆ ಉತ್ತರವಾಗಿ ಏನಾದರೂ ಅನ್ನಿಸಬೇಕಿತ್ತು. ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರದಲ್ಲಿ ಕೆಳದವಡೆಯನ್ನು ತಪ್ಪಾಗಿ ಬರೆದಿದ್ದಾರೆ ಎಂದಷ್ಟೇ ಅನ್ನಿಸಿತು.

ಗ್ರಂಥಾಲಯದ ಹಲಗೆಯ ಮೇಲೆ ಅಂಟಿಸಿದ್ದ ಜಾಹೀರಾತಿನ ಚೀಟಿಯನ್ನು ಹೆಂಡತಿ ಕಿತ್ತು ತಂದದ್ದು ಪಟ್ಟಿ ಬಿಚ್ಚಿದ ವಾರ. ಎಂಟು ತಿಂಗಳ ಹೆಣ್ಣು ನಾಯಿಗೆ ಪ್ರೀತಿಯ ಮನೆ ಬೇಕಾಗಿದೆ. ಕೆಳಗೊಂದು ಫೋಟೋ, ನಾಯಿ ಕ್ಯಾಮೆರಾ ನೋಡದೆ ಪಕ್ಕಕ್ಕೆ ತಿರುಗಿತ್ತು. "ಮಗುಗೆ ಯಾರ ಮೇಲಾದ್ರೂ ರೇಗೋಕೆ ಒಂದು ಜೀವ ಬೇಕು," ಎಂದಳು ಹೆಂಡತಿ. "ನಮ್ಮ ಮೇಲಂತೂ ರೇಗಲ್ಲ." ಅವನು ಪ್ರಾಣಿಗಳ ಆಶ್ರಯದ ವಿಳಾಸ ಓದಿದ. "ಬೇರೆ ಕಡೆ ನೋಡೋಣ," ಎಂದ. "ಊರಲ್ಲಿ ಇರೋದೇ ಒಂದು, ರೀ," ಎಂದು ಹೆಂಡತಿ ಅವನ ಮುಖವನ್ನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿ, ಒಲೆಯ ಕಡೆ ತಿರುಗಿದಳು. ಅವಳು ಕೇಳಲಿಲ್ಲ. ಎರಡು ವರ್ಷದಿಂದಲೂ ಕೇಳಿರಲಿಲ್ಲ. ಅವನು ಹೇಳಿರಲಿಲ್ಲ. ಕೆಲವು ದಾಂಪತ್ಯ ನಿಲ್ಲುವುದೇ ಇಂಥ ಗೂಟಗಳ ಮೇಲೆ.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕುಳಿತಳು. ತೊಡೆಯ ಮೇಲೆ ಹೊಸ ಹಗ್ಗ, ಹೊಸ ಕೊರಳಪಟ್ಟಿ; ಹೆಂಡತಿ ಕೊಂಡುಕೊಟ್ಟದ್ದು. ಹುಡುಗಿ ಅದರ ಕೊಕ್ಕೆಯನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು. ನೀರಿನ ಟ್ಯಾಂಕುಗಳನ್ನು ದಾಟಿ ಬಸ್ಸು ಎಡಕ್ಕೆ ತಿರುಗಿದಾಗ ಅವನಿಗೆ ತಾನು ಕುಳಿತಿರುವುದು ಬಸ್ಸಿನಲ್ಲಲ್ಲ, ಎರಡು ವರ್ಷದ ಹಿಂದಿನಂತೆ ಲ್ಯಾಬಿನ ವ್ಯಾನಿನಲ್ಲಿ ಎನ್ನಿಸಿತು, ಪಕ್ಕದಲ್ಲಿ ಅಕ್ಕನ ನಾಯಿ ಸಾಹೇಬ. ಅಕ್ಕ ಅದಕ್ಕೆ ಆ ಹೆಸರಿಟ್ಟದ್ದು ಅದು ಕೂರುವ ಗತ್ತಿಗೆ, ಅರ್ಜಿ ತಂದವರನ್ನು ನೋಡುವ ಅಧಿಕಾರಿಯ ಹಾಗೆ. ದಪ್ಪ, ಕಂದು, ಎರಡು ಕಣ್ಣಿಗೂ ಪೊರೆ ಬಂದಿತ್ತು. ಹುಡುಗಿ ಹುಟ್ಟಿದ ವರ್ಷವೇ ಅಕ್ಕ ಅದನ್ನು ತಂದದ್ದು. ಆಗ ಅಕ್ಕ ಹೋಗಿ ಇಪ್ಪತ್ತೆರಡು ದಿನ ಕಳೆದಿತ್ತು. ಮಗುನ ನಾನು ನೋಡ್ಕೋತೀನಿ, ನಾಯಿನೂ ಅಂದ್ರೆ ನನ್ನ ಕೈಲಾಗಲ್ಲ, ಎಂದು ಹೆಂಡತಿ ಹೇಳಿದ್ದಳು, ಒಣಗಿದ ಬಟ್ಟೆ ಮಡಚುತ್ತಾ, ಕೋಪವಿಲ್ಲದೆ. ತಾನು ನೋಡಿಕೊಳ್ಳುತ್ತೇನೆ ಎಂದು ಅವನು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಆದರೆ ಹೇಳದೆ ಇದ್ದರೆ ಒಂದು ಕೆಲಸ ಕಡಿಮೆ ಎಂಬ ಲೆಕ್ಕ ಅದಕ್ಕಿಂತ ಮೊದಲು ಬಂದಿತ್ತು. ಆಶ್ರಯದ ಆಫೀಸಿನಲ್ಲಿ ಸರಪಳಿಗೆ ಕಟ್ಟಿದ ಪೆನ್ನಿನಿಂದ ಅರ್ಜಿ ತುಂಬಿದ. ಪ್ರಾಣಿಯನ್ನು ಬಿಟ್ಟುಹೋಗಲು ಕಾರಣ ಎಂಬಲ್ಲಿ, ಮಾಲೀಕರು ತೀರಿಕೊಂಡಿದ್ದಾರೆ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಎಂದು ಬರೆದ. ಆ ಹೊತ್ತಿಗೆ ಹುಡುಗಿ ಅವನ ಮನೆಯ ಊಟದ ಮೇಜಿನ ಮೇಲೆ ಭಾಗಾಕಾರ ಮಾಡುತ್ತಿದ್ದಳು. ಬರೆದದ್ದನ್ನು ಇನ್ನೊಮ್ಮೆ ಓದಿ, ಅಕ್ಷರ ದುಂಡಗೆ ಬಂದಿದೆ ಎಂದುಕೊಂಡದ್ದು ಈಗಲೂ ನೆನಪಿದೆ. ಮುಪ್ಪಿನ ಪ್ರಾಣಿಗಳ ವಿಷಯದಲ್ಲಿ ವೈದ್ಯರ ತೀರ್ಮಾನವೇ ಅಂತಿಮ ಎಂದು ಗೋಡೆಯ ಮೇಲೊಂದು ಹಲಗೆಯಿತ್ತು. ಹೆಚ್ಚೆಂದರೆ ಒಂದು ವಾರ, ಎಂದುಕೊಂಡ. ಒಂದು ಸೂಜಿ, ನಿದ್ದೆ. ಆ ಒಂದು ವಾರವೆಂಬ ಎಣಿಕೆ ಅವನಿಗೂ ಒಂದು ಸೂಜಿಯೇ ಆಯಿತು. ಹಲ್ಲು ಕೀಳುವ ಮುಂಚೆ ಒಸಡಿಗೆ ಚುಚ್ಚುತ್ತಾರಲ್ಲ, ಅಂಥದ್ದು. ಎರಡು ಗಂಟೆಯಲ್ಲಿ ಇಳಿಯಬೇಕಾದ ಆ ಜೋಮು ಎರಡು ವರ್ಷವಾದರೂ ಇಳಿದಿರಲಿಲ್ಲ. ಮನೆಗೆ ಬಂದು, ಯಜಮಾನರ ಗುರುತಿನವರು ಕರ್ಕೊಂಡು ಹೋದ್ರು, ಅವರದು ದೊಡ್ಡ ಅಂಗಳದ ಮನೆ, ಎಂದಿದ್ದ. ಸೋಫಾ ಮೇಲೆ ಹತ್ತೋಕೆ ಬಿಡ್ತಾರಾ, ಎಂದು ಹುಡುಗಿ ಕೇಳಿದ್ದಳು. ಬಿಡ್ತಾರೆ, ಎಂದಿದ್ದ. ಹಾಗಿದ್ರೆ ಸರಿ, ಎಂದು ಅವಳು ಮತ್ತೆ ಭಾಗಾಕಾರಕ್ಕೆ ಮರಳಿದ್ದಳು.

"ಮಾವ, ಇಳೀಬೇಕು," ಎಂದಳು ಹುಡುಗಿ. ಬಸ್ಸು ನಿಂತಿತ್ತು.

ಹಸಿರು ಗೇಟು, ಒಳಗೆ ತಗಡಿನ ಮಾಡಿನ ಉದ್ದನೆಯ ಎರಡು ಸಾಲು, ಫಿನಾಯಿಲಿನ ಜೊತೆಗೆ ಇನ್ನೇನೋ ಬೆರೆತ ವಾಸನೆ. ಗೇಟು ಸದ್ದಾದ ಕೂಡಲೇ ಐವತ್ತು ಗಂಟಲು ಒಟ್ಟಿಗೆ ಬೊಗಳಿದವು, ಆಮೇಲೆ ಒಂದೊಂದಾಗಿ ಸುಮ್ಮನಾದವು. ಆಫೀಸಿನ ಕೋಣೆಯಲ್ಲಿ ಮೊಣಕಾಲ ತನಕ ರಬ್ಬರ್ ಬೂಟು ಹಾಕಿಕೊಂಡ, ಅರವತ್ತು ದಾಟಿದ ಹೆಂಗಸು ಕುಳಿತಿದ್ದಳು. ಆಶ್ರಯ ನಡೆಸುವವಳು ಅವಳೇ. ಅಂದು ಅರ್ಜಿ ತೆಗೆದುಕೊಂಡವಳೂ ಅವಳೇ. ಆಗ ಕೂದಲು ಕಪ್ಪಿತ್ತು. ಅವನಿಗೆ ಅವಳ ಗುರುತು ಬಾಗಿಲಲ್ಲೇ ಸಿಕ್ಕಿತು. ಅವಳಿಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. "ಹದಿನೇಳನೇ ಗೂಡಿಂದ ಅಲ್ವಾ ನೀವು ಕೇಳಿದ್ದು? ಅದು ತುಂಬ ಹೆದರುಪುಕ್ಕಲು, ಈಗ್ಲೇ ಹೇಳಿರ್ತೀನಿ," ಎಂದು ಅವಳು ಹುಡುಗಿಯನ್ನು ಗೂಡು ತೊಳೆಯುವ ಹೆಂಗಸಿನ ಜೊತೆ ಒಳಗೆ ಕಳಿಸಿದಳು. ಅವನ ಮುಂದೆ ಅರ್ಜಿ ಸರಿಸಿದಳು. ಹೆಸರು, ವಿಳಾಸ, ಉದ್ಯೋಗ. ಹಲ್ಲು ಕಟ್ಟುವ ಕೆಲಸ, ಎಂದು ಬರೆದ. ಈ ಮೊದಲು ನಮ್ಮಲ್ಲಿ ಯಾವುದಾದರೂ ಪ್ರಾಣಿಯನ್ನು ಬಿಟ್ಟುಹೋಗಿದ್ದೀರಾ. ಇಲ್ಲ, ಎಂದು ಬರೆದ. ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾಗಲಿಲ್ಲವೆಂಬುದು ಗಮನಕ್ಕೆ ಬಂತು, ಅಷ್ಟೇ.

ಕಿಟಕಿಯಿಂದ ಹದಿನೇಳನೇ ಗೂಡು ಕಾಣುತ್ತಿತ್ತು. ನಾಯಿ ಹಿಂಬದಿಯ ಗೋಡೆಗೆ ಮೂಗು ತಾಗಿಸಿ ಕುಳಿತಿತ್ತು. ಕಪ್ಪು, ಕಾಲು ಮಾತ್ರ ಕಂದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಬೇರೆ ಮಕ್ಕಳಾಗಿದ್ದರೆ ಚ್ಚೊ ಚ್ಚೊ ಎಂದು ಕರೆಯುತ್ತಿದ್ದರು. ಹುಡುಗಿ ಒಳಗೆ ಹೋಗಿ, ನಾಯಿಗೆ ಬೆನ್ನು ಮಾಡಿ, ತೊಳೆದ ಒದ್ದೆ ನೆಲದ ಮೇಲೇ ಕುಳಿತುಬಿಟ್ಟಳು. ಅವಳು ಇತ್ತ ನೋಡುತ್ತಿದ್ದಳು, ನಾಯಿ ಅತ್ತ.

"ನೀವು ಮುಂಚೆ ಬಂದಿದ್ರಿ ಅಲ್ವಾ?" ಎಂದಳು ಬೂಟಿನವಳು.

"ಇಲ್ಲ."

"ಎರಡು ವರ್ಷ ಆಯ್ತೇನೋ. ದಪ್ಪ ಮುದಿ ನಾಯಿ. ವ್ಯಾನಲ್ಲಿ ಮುಂದಿನ ಸೀಟಲ್ಲೇ ಕೂತು ಬಂದಿತ್ತು. ವ್ಯಾನಿನ ಮೇಲೆ ಇಷ್ಟು ದೊಡ್ಡದೊಂದು ಹಲ್ಲಿನ ಚಿತ್ರ. ಅದಕ್ಕೇ ನೆನಪಿದೆ."

"ನಾನಲ್ಲ."

ಅವಳು ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಉದ್ಯೋಗದ ಸಾಲಿನ ಮೇಲೆ ಅವಳ ಬೆರಳು ಒಂದಿಷ್ಟು ನಿಂತಿತು. ಅವನು ತನ್ನ ಕೈಗಳನ್ನು ಮೇಜಿನ ಕೆಳಗಿಳಿಸಿದ. ಇಳಿಸಿದ ಮೇಲೆ, ಇಳಿಸಬಾರದಿತ್ತು ಎಂದು ಹೊಳೆಯಿತು. ಶಾಲೆಯಲ್ಲಿ ಪಕ್ಕದವನ ರಬ್ಬರು ಕದ್ದು ಮುಷ್ಟಿ ಬಿಚ್ಚದೆ ನಿಂತಿದ್ದಾಗ ಹೀಗೇ ಕಿವಿಯ ಹಿಂದೆ ಬಿಸಿಯಾಗಿತ್ತು. ಈಗ ಬಿಸಿಯೂ ಇಲ್ಲ.

"ಸರಿ. ನೀವಲ್ಲ ಅಂದ್ರೆ ನೀವಲ್ಲ," ಎಂದಳು. "ಬಿಟ್ಟು ಹೋದೋರಿಗೆ ಮತ್ತೆ ಕೊಡಬಾರದು ಅಂತ ನಮ್ಮಲ್ಲೊಂದು ನಿಯಮ ಇದೆ. ಆ ಮನುಷ್ಯ ಬಂದಿದ್ರೆ ನಾನು ಇಲ್ಲ ಅನ್ಬೇಕಾಗ್ತಿತ್ತು. ಅಷ್ಟು ದೂರದಿಂದ ಮಗು ಬೇರೆ ಬಂದಿದೆ." ಅವಳು ಅರ್ಜಿಯ ಮೂಲೆಗೆ ಮೊಹರು ಒತ್ತಿದಳು. "ಬಂದಿದ್ರೆ ಅವರಿಗೊಂದು ಮಾತು ಹೇಳೋದಿತ್ತು. ಅಷ್ಟೇ."

"ಏನು?" ಎಂದು ಅವನ ಬಾಯಿ ಕೇಳಿತು.

"ಎಂಟು ತಿಂಗಳು ಇತ್ತು ಅಂತ." ಅವಳು ಮೊಹರನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. "ಮುದಿ ನಾಯಿ ತಂದು ಬಿಡೋರು ಒಂದು ವಾರಕ್ಕೆ ಮುಗೀತು ಅಂದ್ಕೊಂಡಿರ್ತಾರೆ. ಅಂದ್ಕೊಳ್ಳೋದು ಅವರಿಗೂ ಅನುಕೂಲ. ಇದು ಎಂಟು ತಿಂಗಳು ಆರಾಮಾಗಿತ್ತು. ಗೂಡಲ್ಲಿ ಬೇರೆಯವು ಕಾಡ್ತವೆ ಅಂತ ಇಲ್ಲೇ ಬಿಟ್ಕೊಂಡಿದ್ದೆ, ಈ ಮೇಜಿನ ಕೆಳಗೆ. ಚೆನ್ನಾಗಿ ತಿಂತಿತ್ತು. ಗೊರಕೆ ಅಂದ್ರೆ ಗೊರಕೆ, ಫೋನಲ್ಲಿ ಮಾತಾಡೋಕಾಗ್ತಿರ್ಲಿಲ್ಲ. ಗೇಟು ನೋಡ್ಕೊಂಡು ಕಾಯ್ತಾ ಇರುತ್ತೆ ಅಂತೆಲ್ಲ ಜನ ಹೇಳ್ತಾರಲ್ಲ, ಹಾಗೇನಿಲ್ಲ. ಯಾರನ್ನೂ ಕಾಯ್ಲಿಲ್ಲ ಅದು. ಒಂದು ಬೆಳಿಗ್ಗೆ ಏಳ್ಲಿಲ್ಲ."

ಅವನ ಮೊಣಕಾಲುಗಳು ಆ ಮೇಜಿನ ಕೆಳಗೇ ಇದ್ದವು. ಎಂಟು ತಿಂಗಳು ಎಂದರೆ ಇನ್ನೂರ ನಲವತ್ತು ದಿನ. ಅಷ್ಟೂ ದಿನ ಅವನು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಬೇರೆಯವರ ಹಲ್ಲು ಉಜ್ಜಲು ಹೋಗಿದ್ದ. ಯಾವ ದಿನ ಬಂದಿದ್ದರೂ ಅದು ಇಲ್ಲಿ ಇರುತ್ತಿತ್ತು. ಸತ್ತಿದೆಯೆಂದು ತಾನು ನಂಬಿದ್ದ ನಾಯಿ ತನ್ನ ನಂಬಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಲ್ಲಿ ಗೊರಕೆ ಹೊಡೆದಿತ್ತು. ಯಾರನ್ನೂ ಕಾಯಲಿಲ್ಲ ಎಂಬ ಮಾತು ಕ್ಷಮೆಯೋ ಬೈಗುಳವೋ ಅವನಿಗೆ ಬಗೆಹರಿಯಲಿಲ್ಲ. ಎರಡು ವರ್ಷ ಅವನು ಯಾವ ಪಾಪಕ್ಕೆ ಮೈ ಜೋಮು ಹಿಡಿಸಿಕೊಂಡಿದ್ದನೋ ಆ ಪಾಪ ನಡೆದೇ ಇರಲಿಲ್ಲ. ಅದರ ಜಾಗದಲ್ಲಿ ಬೇರೆ ಒಂದು, ಇನ್ನೂ ಚಿಕ್ಕದು, ಇನ್ನೂ ಕೊಳಕು, ದಿನವೂ ನಡೆದಿತ್ತು. ಏನಾದರೂ ಹೇಳಬೇಕೆಂದು, "ಒಳ್ಳೇದಾಯ್ತು," ಎಂದ. ಅವಳು ಕನ್ನಡಕದ ಮೇಲಿಂದ ನೋಡಿದಳು. "ಯಾರಿಗೆ?" ಎಂದಳು.

ಆ ಹೊತ್ತಿಗೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಲಂಗದ ಹಿಂಭಾಗ ತೊಯ್ದು ತೊಪ್ಪೆಯಾಗಿತ್ತು. ಹಗ್ಗದ ತುದಿಯಲ್ಲಿ ನಾಯಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗಿ. "ಜಡೆ ಮೂಸ್ತು," ಎಂದಳು ಹುಡುಗಿ, ಯಾರಿಗೂ ಅಲ್ಲದಂತೆ. ಆಮೇಲೆ ಮೇಜಿನ ಹತ್ತಿರ ಬಂದು, ಕೈಕಟ್ಟಿ ನಿಂತು, "ಇದು ಸರಿಯಾಗಿ ನಡ್ಕೊಳ್ಳದೇ ಇದ್ರೆ ವಾಪಸ್ ತಗೋತೀರಾ?" ಎಂದು ಕೇಳಿದಳು.

"ತಗೋತೀವಿ," ಎಂದಳು ಬೂಟಿನವಳು. "ಯಾಕಮ್ಮ?"

"ಸರಿಹೋಗೋಕೆ ಅದಕ್ಕೆ ಎಷ್ಟು ದಿನ ಕೊಡ್ತಾರೆ?"

"ಹಾಗೆ ಇಷ್ಟೇ ದಿನ ಅಂತ ಏನಿಲ್ಲ."

"ಇಷ್ಟೇ ಅಂತ ಇದ್ರೆ ಒಳ್ಳೇದು," ಎಂದಳು ಹುಡುಗಿ. "ಅದಕ್ಕೆ ಗೊತ್ತಿದ್ರೆ ಅಷ್ಟು ದಿನ ಜಾಣೆಯಾಗಿ ಇರುತ್ತೆ."

ಬೂಟಿನವಳು ಅವನತ್ತ ನೋಡಲಿಲ್ಲ. ನೋಡದೆ ಇದ್ದದ್ದು ಅವನಿಗೆ ತಾಗಿತು, ಜೋಮು ಹಿಡಿದ ತುಟಿಯನ್ನು ಕಚ್ಚಿಕೊಂಡಾಗ ಎಲ್ಲೋ ದೂರದಲ್ಲಿ ತಿಳಿಯುವಂತೆ. ಸಹಿ ಮಾಡಿ ಎಂದ ಕಡೆ ಸಹಿ ಮಾಡಿದ.

ಹೊರಗೆ ಟ್ಯಾಕ್ಸಿಯೊಂದು ಸಿಕ್ಕಿತು. ನಾಯಿ ನಾಲ್ಕು ಕಾಲನ್ನೂ ನೆಲಕ್ಕೆ ಊರಿ, ಮೇಜಿನಂತೆ ನಿಂತುಬಿಟ್ಟಿತು. ಹುಡುಗಿ ತಳ್ಳಿದಳು, ಅವನು ಎಳೆದ. "ಒಳಗೆ ವಾಂತಿ ಮಾಡಿದ್ರೆ ತೊಳೆಯೋರು ಯಾರು ಸಾರ್," ಎಂದು ಡ್ರೈವರು ಬಾಗಿಲು ಎಳೆದುಕೊಂಡು ಹೊರಟುಹೋದ. ಬಸ್ಸಿನವರು ಹತ್ತಿಸುವ ಮಾತೇ ಇರಲಿಲ್ಲ. ಮನೆಗೆ ಒಂದು ಗಂಟೆಯ ದಾರಿ. ನಡೆದರು. ನಾಯಿ ಹತ್ತು ಹೆಜ್ಜೆ ಬರುವುದು, ನಿಲ್ಲುವುದು. ಚರಂಡಿಯ ಮುಚ್ಚಳ ಕಂಡರೆ ನಿಲ್ಲುವುದು, ಹಾರುವ ಪ್ಲಾಸ್ಟಿಕ್ ಚೀಲ ಕಂಡರೆ ನಿಲ್ಲುವುದು. ಅದು ನಿಂತಾಗಲೆಲ್ಲ ಹುಡುಗಿ ಎಳೆಯದೆ ಕಾಯುತ್ತಿದ್ದಳು. ಟೈರು ಅಂಗಡಿಯ ಮುಂದೆ ಐದು ನಿಮಿಷ ಹೋಯಿತು. ಬಿಸಿಲಿನಲ್ಲಿ ರಬ್ಬರಿನ ವಾಸನೆ. ಅವನ ತಲೆಯಲ್ಲಿ ಯೋಚನೆಯೆನ್ನುವಂಥದ್ದು ಏನೂ ಇರಲಿಲ್ಲ; ಇನ್ನೂರ ನಲವತ್ತು ಎಂಬ ಸಂಖ್ಯೆ ಮಾತ್ರ ಖಾಲಿ ಕೋಣೆಯ ಫ್ಯಾನಿನಂತೆ ತಿರುಗುತ್ತಿತ್ತು.

"ಮಾವ," ಎಂದಳು ಹುಡುಗಿ. "ಸಾಹೇಬ ಇರೋ ಮನೇಲಿ ಅಂಗಳ ದೊಡ್ಡದು ಅಂದಿದ್ರಲ್ಲ. ಇದಕ್ಕೆ ಅಭ್ಯಾಸ ಆದ್ಮೇಲೆ ಒಂದಿನ ಅಲ್ಲಿಗೆ ಕರ್ಕೊಂಡು ಹೋಗೋಣ್ವಾ? ಅವರು ಏನೂ ಅಂದ್ಕೊಳ್ಳಲ್ಲ ಅಂದ್ರೆ ಮಾತ್ರ."

ಅವರು ಊರು ಬಿಟ್ಟುಹೋದ್ರು ಎನ್ನುವ ಮಾತು ಸಿದ್ಧವಾಗಿಯೇ ಇತ್ತು. ಎರಡು ವರ್ಷದ ಹಿಂದೆಯೇ, ಬೇಕಾದೀತೆಂದು, ಮಾಡಿಟ್ಟದ್ದು. ಅದರಲ್ಲಿ ಸಾಮಾನು ತುಂಬಿದ ಲಾರಿ, ಲಾರಿಯ ಮುಂದೆ ಕುಳಿತ ಸಾಹೇಬ, ಎಲ್ಲ ಇತ್ತು. ಬಾಯಿ ತೆರೆದ. ತೆರೆದಾಗ ಸುಸ್ತಾಯಿತು. ಧೈರ್ಯ ಬಂತೆಂದು ಅವನು ಆಮೇಲೆಯೂ ಹೇಳಿಕೊಳ್ಳಲಿಲ್ಲ. ಆ ಲಾರಿಯನ್ನು ಎತ್ತಿ ತಂದು ಅವಳ ಮುಂದೆ ನಿಲ್ಲಿಸುವ ತ್ರಾಣ ಇರಲಿಲ್ಲ, ಅಷ್ಟೇ.

"ಅಂಗಳ ಇಲ್ಲ," ಎಂದ. "ಆ ಮನೆಯೂ ಇಲ್ಲ. ಸಾಹೇಬನ್ನ ನಾನು ಇಲ್ಲೇ ಬಿಟ್ಟಿದ್ದು. ಈಗ ಹೋಗಿದ್ವಲ್ಲ, ಅಲ್ಲೇ."

ಹುಡುಗಿ ನಾಲ್ಕು ಹೆಜ್ಜೆ ನಡೆದಳು. "ಈಗ ಇದ್ಯಾ?"

"ಇಲ್ಲ. ಸತ್ತುಹೋಯ್ತು. ಎಂಟು ತಿಂಗಳು ಇತ್ತಂತೆ."

"ಎಲ್ಲಿ ಮಲಗ್ತಿತ್ತು?"

"ಆಫೀಸಲ್ಲಿ. ಮೇಜಿನ ಕೆಳಗೆ."

"ಎಂಟು ತಿಂಗಳು ಅಂತ ನಿಮಗೆ ಗೊತ್ತಿತ್ತಾ?"

"ಇವತ್ತು ಗೊತ್ತಾಯ್ತು. ಬೇಗ ಹೋಗಿರುತ್ತೆ ಅಂದ್ಕೊಂಡಿದ್ದೆ."

"ಅಂದ್ಕೊಂಡು ಸುಮ್ನಿದ್ರಾ?"

"ಹೂಂ."

ನಾಯಿ ನಿಂತಿತು. ಹುಡುಗಿಯೂ ನಿಂತಳು. ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಏನೋ ಎಣಿಸಿದಳು. "ಬುಧವಾರ ಬುಧವಾರ ಸ್ಕೂಲಿಂದ ಈಜೋಕೆ ಕರ್ಕೊಂಡು ಹೋಗ್ತಾರಲ್ಲ," ಎಂದಳು, ಮಗ್ಗಿ ಒಪ್ಪಿಸುವ ದನಿಯಲ್ಲಿ. "ಬಸ್ಸು ಇದೇ ರಸ್ತೇಲಿ ಹೋಗೋದು. ಆ ಹಸಿರು ಗೇಟು ಎಡಗಡೆ ಬರುತ್ತೆ. ನಾನು ಯಾವಾಗ್ಲೂ ಎಡಗಡೆನೇ ಕೂರೋದು."

ನಂಗೆ ಗೊತ್ತಿರ್ಲಿಲ್ಲ, ಎಂದ. ಅದು ನಿಜವೂ ಆಗಿತ್ತು, ಯಾವ ಕೆಲಸಕ್ಕೂ ಬಾರದ್ದೂ ಆಗಿತ್ತು.

"ಯಾಕೆ ಬಿಡ್ತಿದ್ದೀರಾ ಅಂತ ಅವರು ಕೇಳ್ಲಿಲ್ವಾ?"

"ಕೇಳಿದ್ರು. ಮನೇಲಿ ಬೇರೆ ಯಾರೂ ಇಲ್ಲ ಅಂತ ಬರೆದೆ."

"ನಾನಿದ್ದೆ."

"ಇದ್ದೆ," ಎಂದ ಅವನು.

ಅವಳ ಗದ್ದ ನಡುಗಲು ಶುರುವಾಯಿತು. ಅಕ್ಕನದೇ ಗದ್ದ, ಮಧ್ಯೆ ಸಣ್ಣ ಕುಳಿಯಿದ್ದದ್ದು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. "ನಂಗೆ ನಿಮ್ಮ ಜೊತೆ ನಡೆಯೋಕಾಗಲ್ಲ," ಎಂದಳು. ಎರಡೂ ಕಡೆ ನೋಡಿ, ನಾಯಿಯನ್ನು ಎಳೆದುಕೊಂಡು, ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅವನು ಹಿಂದೆ ಹೋಗಲಿಲ್ಲ. ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ಆಚೆ ನಡೆದಳು, ಅವನು ಈಚೆ. ನಡುವೆ ಲಾರಿಗಳು, ಸೈಕಲ್ಲುಗಳು, ಗ್ಯಾಸ್ ಸಿಲಿಂಡರಿನ ಗಾಡಿ. ಒಂದೇ ತೆರನಾದ ಮನೆಗಳ ಸಾಲು ಮುಗಿಯಿತು, ಔಷಧಿ ಗೋದಾಮು ಮುಗಿಯಿತು. ನಾಯಿ ನಿಂತರೆ ಅವಳು ನಿಲ್ಲುತ್ತಿದ್ದಳು, ಅವಳು ನಿಂತರೆ ಅವನು. ದೊಡ್ಡವರು ಯಾರಾದರೂ ನೋಡಿದ್ದರೆ, ಈ ಮನುಷ್ಯ ಯಾಕೆ ಮಗುವಿನ ಹಿಂದೆ ಬಿದ್ದಿದ್ದಾನೆ ಎಂದು ತಡೆದು ಕೇಳಬೇಕಾಗಿತ್ತು. ಯಾರಾದರೂ ಕೇಳಲಿ ಎಂದು ಒಂದು ಸಲ ಅನ್ನಿಸಿತು. ನೀನು ಅವಳಿಗೆ ಏನಾಗಬೇಕು ಎಂದು ಕೇಳಿದರೆ ಸೋದರಮಾವ ಎನ್ನಬೇಕು. ಆ ಪದವನ್ನು ಬಾಯಲ್ಲೇ ಒಮ್ಮೆ ಹೇಳಿ ನೋಡಿದ. ಬೇರೆ ಯಾರದೋ ಬಾಯಿಗೆ ಮಾಡಿದ ಹಲ್ಲಿನ ಕಟ್ಟಿನಂತೆ ಅದು ಕೂರಲಿಲ್ಲ. ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲು ಹೊರಟ. ಅಕ್ಕನ ದನಿ ನೆನಪಿಗೆ ಬರಲಿಲ್ಲ. ದನಿ ಯಾವಾಗ ಹೋಯಿತು ಎಂಬುದೂ ಗೊತ್ತಾಗಿರಲಿಲ್ಲ.

ದೊಡ್ಡ ರಸ್ತೆ ಕೂಡುವಲ್ಲಿ ಸಿಗ್ನಲ್ಲಿತ್ತು. ಅಲ್ಲಿಂದ ಮನೆಗೆ ಐದೇ ನಿಮಿಷ. ದಾರಿ ಹುಡುಗಿಗೆ ಗೊತ್ತು. ದಾಟುವವರಿಗೆಂದು ದೀಪದ ಹಸಿರು ಮನುಷ್ಯ ಹೊತ್ತಿಕೊಂಡ, ಜನ ದಾಟಿದರು, ಅವನು ದಾಟಲಿಲ್ಲ, ಏಕೆಂದರೆ ಆಚೆ ಬದಿಯಲ್ಲಿ ಹುಡುಗಿ ದಾಟಲಿಲ್ಲ. ಇನ್ನೊಮ್ಮೆ ಹೊತ್ತಿಕೊಂಡ. ಅವಳು ಆಗಲೂ ಅಲ್ಲೇ. ಹಟಕ್ಕೆ ನಿಂತಿದ್ದಾಳೆ ಎಂದು ಭಾವಿಸಿದವನಿಗೆ ಬಸ್ಸೊಂದು ಸರಿದ ಮೇಲೆ ಕಂಡಿತು: ನಾಯಿ ಅವಳ ಎರಡು ಕಾಲಿನ ನಡುವೆ ತಲೆ ತೂರಿಸಿ ನೆಲಕ್ಕಂಟಿಕೊಂಡಿತ್ತು. ಅವಳು ಬಗ್ಗಿ ಎತ್ತಲು ನೋಡಿದಳು. ಮುಂದಿನ ಭಾಗ ಎದ್ದಿತು, ಹಿಂದಿನದು ಜೋತುಬಿದ್ದು ಜಾರಿತು. ಮತ್ತೆ ನೋಡಿದಳು. ಜನ ಸುತ್ತಿ ಬಳಸಿ ಹೋಗುತ್ತಿದ್ದರು. ಅವಳ ಮುಖ ಕೆಂಪಗಾಗಿತ್ತು. ತಲೆಯೆತ್ತಿ ರಸ್ತೆಯಾಚೆಯಿಂದ ಅವನನ್ನು ನೋಡಿದಳು. ಅವನು ಓಡಿದ. ಯಾವಾಗ ರಸ್ತೆಗೆ ಇಳಿದೆನೆಂದು ತಿಳಿಯಲಿಲ್ಲ. ಯಾರೋ ಹಾರನ್ ಒತ್ತಿ ಹಿಡಿದರು, ಕಣ್ಣು ಕಾಣಲ್ವಾ ಎಂದರು.

ಅವನು ಹತ್ತಿರ ಬಂದು ಏದುಸಿರು ಬಿಡುತ್ತಾ ನಿಂತ. ಹುಡುಗಿ ಅವನ ಮುಖ ನೋಡದೆ, "ಹಿಂದಿನ ಕಾಲು ಹಿಡ್ಕೊ," ಎಂದಳು.

ಹಿಡ್ಕೊ. ಹಿಡ್ಕೊಳ್ಳಿ ಎನ್ನಲಿಲ್ಲ. ಎರಡು ವರ್ಷದಲ್ಲಿ ಅವಳು ಅವನಿಗೆ ಹೀಗೆ ಏಕವಚನದಲ್ಲಿ ಹೇಳಿದ್ದು ಇದೇ ಮೊದಲು. ಅಮ್ಮನಿಗೆ ಮಾತ್ರ ಹೇಳುತ್ತಿದ್ದಳು, ಜಗಳವಾಡುವಾಗ, ಬೀದಿಗೆಲ್ಲ ಕೇಳುವಂತೆ.

ಅವನು ಬಗ್ಗಿ ಹಿಂದಿನ ಎರಡು ಕಾಲುಗಳನ್ನು, ಹೊಟ್ಟೆಯನ್ನು ಸೇರಿಸಿ ಅಪ್ಪಿದಂತೆ ಹಿಡಿದುಕೊಂಡ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಒಳಗೆಲ್ಲೋ ಮೋಟಾರು ಓಡುತ್ತಿರುವಂತೆ ಅದರ ಮೈಯಿಡೀ ನಡುಗುತ್ತಿತ್ತು. ಆ ನಡುಕ ಅವನ ಮೊಣಕೈ ಹತ್ತಿ ಭುಜಕ್ಕೆ ಬಂತು. "ಒಂದು, ಎರಡು," ಎಂದಳು ಹುಡುಗಿ. ಎತ್ತಿದರು. ಹಸಿರು ಮನುಷ್ಯ ಆಗಲೇ ಮಿಣುಕಲು ಶುರುಮಾಡಿದ್ದ. ಅಡ್ಡಡ್ಡ ಹೆಜ್ಜೆಯಿಡುತ್ತಾ, ಅಲಮಾರು ಸಾಗಿಸುವವರಂತೆ, ಒಬ್ಬರಿಗೊಬ್ಬರು ಎದುರಾಗಿ, ಗಾಡಿಗಳ ಮೂತಿಗಳ ಮುಂದೆ ಹೊರಟರು. ರಸ್ತೆಯ ನಡುವೆ ಬಂದಾಗ ನಾಯಿಯ ಹೊಟ್ಟೆಯಡಿಯಿಂದ ಅವನ ಅಂಗಿಯ ತೋಳಿನೊಳಗೆ ಬಿಸಿಯಾದದ್ದೇನೋ ಹರಿಯಿತು, ಮಣಿಕಟ್ಟಿನಿಂದ ಮೊಣಕೈಯ ತನಕ. ಎಷ್ಟು ಬಿಸಿ ಎಂದು ಅವನಿಗೆ ಆಶ್ಚರ್ಯವಾಯಿತು. ಕಣ್ಣಿನಲ್ಲಿ ನೀರು ಬಂತು; ಬಂದದ್ದು ಏಕೆಂದು ತಿಳಿಯದೆ, ಒರೆಸಿಕೊಳ್ಳಲು ಕೈಯೂ ಖಾಲಿಯಿಲ್ಲದೆ, ಹಾಗೇ ನಡೆದ.

ಹುಡುಗಿ ಈಗ ಅವನನ್ನು ನೋಡಿದಳು. ತೋಳನ್ನು ನೋಡಿದಳು.

"ಒದ್ದೆ ಆಯ್ತಾ?"

"ಆಯ್ತು."

"ಆಗ್ಲಿ ಬಿಡು," ಎಂದಳು.